ಹಿಡಿಯಕ್ಕಿಯ ಪೆಟ್ಟಿಗೆ

ನಮ್ಮ ಸಭೆಯಲ್ಲಿ ನನಗೊಂದು ಕೆಲಸ ಹುಡುಕಿಕೊಡಲು ಅಯ್ಯನವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಯ್ಯನವರೆಂದರೆ ನಮ್ಮ ಪಾದ್ರಿಗಳು. ಶಿಡ್ಲಘಟ್ಟದ ನಮ್ಮ ಚರ್ಚು ಚಿಕ್ಕದು. ಹೆಂಚಿನ ಮಾಡು, ಒಂದು ಗಂಟೆ, ಅಂಗಳದಲ್ಲಿ ಬೇವಿನ ಮರ. ಅಷ್ಟು ಸಣ್ಣ ಜಾಗದಲ್ಲಿ ಭಾನುವಾರ ಬಂದು, ಕೂತು, ಎದ್ದು ಹೋಗುವವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಒಬ್ಬರು ಗಂಟೆ ಹೊಡೆಯುತ್ತಿದ್ದರು, ಒಬ್ಬರು ವಾಕ್ಯ ಓದುತ್ತಿದ್ದರು, ಒಬ್ಬರು ಕಾಣಿಕೆ ಚೀಲ ಹಿಡಿಯುತ್ತಿದ್ದರು. ನಾನು ಮಾತ್ರ ಕಂಬದ ಪಕ್ಕ ಇನ್ನೊಂದು ಕಂಬದ ಹಾಗೆ ಕೂತಿರುತ್ತಿದ್ದೆ.

ಮೊದಲು ನನ್ನನ್ನು ಕೀರ್ತನೆ ಹಾಡುವವರ ಜೊತೆ ನಿಲ್ಲಿಸಿದರು. ಹಾರ್ಮೋನಿಯಂ ನುಡಿಸುತ್ತಿದ್ದ ಟೀಚರಮ್ಮ ಎರಡನೇ ಚರಣಕ್ಕೇ ಕೈ ನಿಲ್ಲಿಸಿ, ತಿದಿಯಲ್ಲೇನಾದರೂ ತೂತು ಬಿದ್ದಿದೆಯೇ ಎಂದು ಬಗ್ಗಿ ನೋಡಿದರು. ತೂತು ನನ್ನ ಗಂಟಲಲ್ಲಿತ್ತು. "ಅಣ್ಣಾ, ನೀವು ಸುಮ್ನೆ ಬಾಯಿ ಆಡಿಸ್ತಾ ನಿಂತ್ಕೊಳಿ, ಸಾಕು" ಎಂದರು, ಮರ್ಯಾದೆಯಿಂದಲೇ. ಆಮೇಲೆ ಮಕ್ಕಳ ಸಂಡೇ ಸ್ಕೂಲು. ನೋಹನ ನಾವೆಯ ಕಥೆ ಹೇಳಲು ಕೊಟ್ಟರು. ನಾನು ಹುಟ್ಟಾ ಬಡಗಿ. ನಾವೆಯ ಅಡಿಗೆ ಎಂಥ ಮರ, ಹಲಗೆಗೆ ಹಲಗೆ ಹೇಗೆ ಕೂಡಿಸಿದರು, ಕೀಲು ಎಲ್ಲಿ ಬಂತು ಎಂದು ವಾರವಾರ ಬೋರ್ಡಿನ ಮೇಲೆ ಬರೆದು ತೋರಿಸುತ್ತಾ ಹೋದೆ. ತಿಂಗಳಾದರೂ ನಾವೆ ಮುಗಿಯಲಿಲ್ಲ. ಒಂದು ದಿನ ಅಯ್ಯನವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಮೇಸ್ತ್ರಿ, ಮಳೆ ಯಾವಾಗಪ್ಪ ಶುರು ಆಗೋದು?" ಎಂದರು. ಅಲ್ಲಿಗೆ ಅದೂ ಮುಗಿಯಿತು.

ಹೀಗೆ ಎಲ್ಲೂ ಸಲ್ಲದೆ ಇರುವಾಗಲೇ ನಮ್ಮ ಸಭೆಯ ಹಳೇ ಮೇಷ್ಟ್ರು ತೀರಿಕೊಂಡರು. ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷ ಆಗಿತ್ತು, ಬೇಸಿಗೆ. ನಮ್ಮಲ್ಲಿ ಹಳ್ಳಿಯ ಕಡೆಯವರು ಬಟ್ಟೆ ಸುತ್ತಿ ಚಟ್ಟದ ಮೇಲೆ ಹೊತ್ತು ಮಣ್ಣು ಮಾಡುತ್ತಿದ್ದರು. ಪೇಟೆಯವರಿಗೆ ಪೆಟ್ಟಿಗೆ ಬೇಕು. ಶವಪೆಟ್ಟಿಗೆ ಮಾಡುವವರು ಈ ಸುತ್ತಿನಲ್ಲಿ ಇರಲಿಲ್ಲ. ಯಾರಾದರೂ ಬೆಂಗಳೂರಿಗೆ ಹೋಗಿ, ಕೊಂಡು, ಬಸ್ಸಿನ ಮೇಲೆ ಹಾಕಿಸಿಕೊಂಡು ಬರುವ ಹೊತ್ತಿಗೆ ಮಾರನೇ ದಿನವಾಗುತ್ತಿತ್ತು. ಚಳಿಗಾಲದಲ್ಲಾದರೆ ಸರಿ. ಬೇಸಿಗೆಯಲ್ಲಿ ಮನೆಯವರು ಅನುಭವಿಸುತ್ತಿದ್ದ ಸಂಕಟ ಹೇಳಬಾರದು, ಊದಿನ ಕಡ್ಡಿಯ ಕಟ್ಟು ಕಟ್ಟೇ ಹಚ್ಚುತ್ತಿದ್ದರು.

ಬೆಳಿಗ್ಗೆ ನಾನಿನ್ನೂ ಅಂಗಡಿ ಬಾಗಿಲು ತೆಗೆಯುತ್ತಿದ್ದೆ. ಅಯ್ಯನವರು ಸೈಕಲ್ ಇಳಿಯದೆ, ಒಂದು ಕಾಲು ನೆಲಕ್ಕೂರಿ ನಿಂತರು.

"ಮೇಸ್ತ್ರಿ, ಬೆಂಗಳೂರಿಂದ ತರಿಸೋದು ಈ ಬಿಸಿಲಲ್ಲಿ ಆಗೋ ಮಾತಲ್ಲ. ಇವತ್ತು ಸಾಯಂಕಾಲದೊಳಗೆ ಒಂದು ಪೆಟ್ಟಿಗೆ ನಿನ್ ಕೈಲಿ ಆಗುತ್ತಾ?"

"ಆಗುತ್ತೆ ಅಯ್ಯನೋರೇ" ಎಂದುಬಿಟ್ಟೆ. ಬಾಗಿಲು ಮಾಡುವವನಿಗೆ, ರೇಷ್ಮೆ ಬಿಚ್ಚುವ ಚರಕ ಮಾಡುವವನಿಗೆ, ಹುಳ ಸಾಕುವ ತಟ್ಟೆಗಳ ಸ್ಟ್ಯಾಂಡು ಮಾಡುವವನಿಗೆ ಒಂದು ಪೆಟ್ಟಿಗೆ ಯಾವ ಮಹಾ ಎಂಬ ಧಿಮಾಕು ನನಗೆ.

ಮೇಷ್ಟ್ರ ಮನೆಗೆ ಹೋಗಿ ದಾರದಿಂದ ಅಳತೆ ತೆಗೆದುಕೊಂಡೆ. ತಲೆಯಿಂದ ಪಾದಕ್ಕೊಂದು ಗಂಟು, ಭುಜದಿಂದ ಭುಜಕ್ಕೊಂದು ಗಂಟು. ಕೈ ಎದೆಯ ಮೇಲೆ ಜೋಡಿಸಿದ್ದರಿಂದ ಮೊಣಕೈ ಹೊರಗೆ ಬರುತ್ತದೆಂದು ಅಲ್ಲಿಗೂ ಒಂದು ಗಂಟು ಹಾಕಿ, ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಅಂಗಡಿಯಲ್ಲಿ ಸ್ಟ್ಯಾಂಡುಗಳಿಗೆಂದು ತಂದಿದ್ದ ಮಾವಿನ ಹಲಗೆ ಇತ್ತು. ಶವಪೆಟ್ಟಿಗೆ ಸಾದಾ ಪೆಟ್ಟಿಗೆಯಲ್ಲ. ತಲೆಯ ಕಡೆಯಿಂದ ಅಗಲವಾಗುತ್ತಾ ಬಂದು, ಭುಜದ ಹತ್ತಿರ ತಿರುಗಿ, ಪಾದದ ಕಡೆಗೆ ಕಿರಿದಾಗಬೇಕು. ಪಕ್ಕದ ಹಲಗೆ ಒಂದೇ ತುಂಡಾಗಿದ್ದು ಭುಜದಲ್ಲಿ ಬಗ್ಗಬೇಕು. ಅದಕ್ಕೆ ಒಳಮೈಯಲ್ಲಿ ಗರಗಸದಿಂದ ಅರ್ಧ ದಪ್ಪದವರೆಗೆ ಸಾಲಾಗಿ ಗೀರು ಹಾಕಿ, ಬಗ್ಗಿಸಬೇಕೆಂದು ಕಲಿಯುವಾಗ ನೋಡಿದ್ದೆ. ಗೀರು ಹಾಕಿದೆ, ಮೊಣಕಾಲು ಕೊಟ್ಟು ಬಗ್ಗಿಸಿದೆ. ಫಟ್ ಎಂದು ಮುರಿಯಿತು. ಇನ್ನೊಂದು ತೆಗೆದುಕೊಂಡೆ, ಅದೂ ಮುರಿಯಿತು. ಒಣಗಿದ ಹಲಗೆಗೆ ಬಿಸಿನೀರು ಕುಡಿಸದೆ ಬಗ್ಗಿಸಲು ಹೋಗಿದ್ದೆ.

ಮನೆಯಲ್ಲಿ ಹಂಡೆ ಕಾಯಿಸುತ್ತಾ ಕೂರುವಷ್ಟು ಹೊತ್ತಿರಲಿಲ್ಲ. ಆದರೆ ಶಿಡ್ಲಘಟ್ಟದಲ್ಲಿ ಕುದಿಯುವ ನೀರಿಗೇನು ಬರ? ಪಕ್ಕದ ಸಂದಿಯಲ್ಲೇ ಒಬ್ಬ ಸಾಬರ ರೇಷ್ಮೆ ಬಿಚ್ಚಾಣಿಕೆ ಮನೆ. ಬೆಳಗಿನಿಂದ ಸಂಜೆಯವರೆಗೆ ಒಲೆಗಳ ಮೇಲೆ ಬಾಂಡ್ಲಿಗಳಲ್ಲಿ ಗೂಡು ಬೇಯುತ್ತಿರುತ್ತದೆ. ಹಲಗೆ ಹೊತ್ತುಕೊಂಡು ಹೋಗಿ ವಿಷಯ ಹೇಳಿದೆ.

"ಮೇಷ್ಟ್ರಿಗಾ? ನಮ್ ಹುಡುಗ್ರಿಗೆಲ್ಲಾ ಅವ್ರೇ ಅಲ್ವಾ ಅಕ್ಷರ ಕಲ್ಸಿದ್ದು. ಕೇಳೋದೇನಿದೆ, ತಗಳಿ ಮೇಸ್ತ್ರಿ" ಎಂದು ಸಾಬರು ಒಂದು ಒಲೆಯ ಗೂಡನ್ನೆಲ್ಲ ಎತ್ತಿಸಿ ನೀರು ಬಿಟ್ಟುಕೊಟ್ಟರು. ಗೀರಿನ ಮೇಲೆ ಚೆಂಬಿನಿಂದ ಸುರಿಯುತ್ತಾ ಬಂದೆ. ಆ ತುದಿ ಸಾಬರು, ಈ ತುದಿ ನಾನು. ಮರ ಮೆತ್ತಗಾದ ಗಳಿಗೆ ಕೈಗೇ ಗೊತ್ತಾಗುತ್ತದೆ. ಇಬ್ಬರೂ ಒಟ್ಟಿಗೆ ಎಳೆದೆವು, ಹಲಗೆ ಹೇಳಿದ ಮಾತು ಕೇಳಿತು. ಹಲಗೆಗೆಲ್ಲ ಹುಳದ ವಾಸನೆ ಹತ್ತಿತ್ತು, ಅದನ್ನು ನೋಡಲು ವೇಳೆಯಿರಲಿಲ್ಲ. ಅಡಿ ಹಲಗೆ ಜೋಡಿಸಿ, ಮೊಳೆ ಹೊಡೆದು, ಸಂದಿಗಳಿಗೆ ಡಾಂಬರು ಬಳಿದು, ಹೊರಗೆ ಕಪ್ಪು ಬಟ್ಟೆ, ಮುಚ್ಚಳದ ಮೇಲೆ ಬಿಳಿ ಶಿಲುಬೆ. ಸಾಯಂಕಾಲದ ಬಿಸಿಲು ಇಳಿಯುವ ಮುಂಚೆ ಮೇಷ್ಟ್ರ ಮನೆ ಮುಂದೆ ಇಳಿಸಿದೆ.

ಒಳಗೆ ಹೋಗಿ ನೋಡಿದರೆ ಮೇಷ್ಟ್ರಿಗೆ ಕರಿ ಕೋಟು ಹಾಕಿ, ತಲೆಗೆ ಜರಿಯಂಚಿನ ಮೈಸೂರು ಪೇಟ ಇಟ್ಟಿದ್ದರು.

ಬೆಳಿಗ್ಗೆ ಅಳತೆ ತೆಗೆದಾಗ ಅವರು ಬರಿತಲೆಯಲ್ಲಿದ್ದರು. ಮೆಲ್ಲಗೆ ಅವರ ಮನೆಯಮ್ಮನ ಹತ್ತಿರ ಹೋಗಿ, ಪೇಟವನ್ನು ಎದೆಯ ಮೇಲೆ ಇಡೋಣವೇ ಎಂದು ಕೇಳಿದೆ.

"ಏನಪ್ಪಾ ಹಿಂಗಂತೀಯ? ಪೇಟ ಇಲ್ದೆ ಅವ್ರು ಬಾಗ್ಲು ದಾಟಿದ್ದೇ ನಾನು ನೋಡಿಲ್ಲ. ಸ್ವಾಮಿ ಮುಂದೆ ಬರಿತಲೇಲಿ ನಿಲ್ತಾರಾ?" ಎಂದರು ಆ ತಾಯಿ.

ಅಂಗಳದಲ್ಲಿ, ಬಂದವರೆಲ್ಲ ನೋಡುತ್ತಿರುವಂತೆಯೇ, ತಲೆಯ ಕಡೆಯ ಹಲಗೆ ಕಿತ್ತೆ. ಮುರಿದುಹೋಗಿದ್ದ ತುಂಡುಗಳನ್ನು ಅಂಗಡಿಯಿಂದ ತರಿಸಿ, ಪೇಟ ಹಿಡಿಯುವಷ್ಟು ಮುಂದಕ್ಕೆ ಚಾಚಿ ಒಂದು ಗೂಡು ಕಟ್ಟಿದೆ. ಮನೆಗೆ ಪೋರ್ಟಿಕೋ ಹಾಕಿದ ಹಾಗಿತ್ತು. ಮುಚ್ಚಳ ಅಲ್ಲಿಯವರೆಗೆ ಸಾಲದೆ ಅದಕ್ಕೂ ತೇಪೆ. ಕಪ್ಪು ಬಟ್ಟೆ ಮುಗಿದಿತ್ತು, ಯಾರದೋ ಹಳೇ ಕೊಡೆಯ ಬಟ್ಟೆ ಬಿಚ್ಚಿ ಮೊಳೆ ಹೊಡೆದೆವು. ಜನ ನನ್ನ ಮುಖ ನೋಡದೆ ಮಾಡಿನ ಹೆಂಚು, ಆಕಾಶ, ಬೀದಿ ನಾಯಿ ಎಲ್ಲವನ್ನೂ ನೋಡಿದರು. ಸಮಾಧಿಯ ಹತ್ತಿರ ಹೋದಾಗ ಗುಂಡಿ ಉದ್ದ ಸಾಲದೆ ಇನ್ನಷ್ಟು ಅಗೆಯಬೇಕಾಯಿತು. ಭೂಮಿ ಬಾಯ್ಬಿಟ್ಟರೆ ನಾನೇ ಮೊದಲು ಇಳಿಯುತ್ತಿದ್ದೆ.

ಆದರೆ ಎಲ್ಲ ಮುಗಿದ ಮೇಲೆ ಮೇಷ್ಟ್ರ ಮನೆಯಮ್ಮ ನನ್ನ ಕೈ ಹಿಡಿದುಕೊಂಡು, "ಹೊತ್ತಿಗ್ ಸರ್ಯಾಗಿ ಮಲಗಿಸ್ದೆ ಕಣಪ್ಪ. ಹಸನ್ಮುಖ ಹಂಗೇ ಇತ್ತು" ಎಂದರು. ಕೀರ್ತನೆಗೆ ನಿಂತಾಗ, ಸಂಡೇ ಸ್ಕೂಲಿನಲ್ಲಿ ನಿಂತಾಗ ಬಾರದ್ದು ಆಗ ನನ್ನೊಳಗೆ ಬಂತು. ಈ ಸಭೆಯಲ್ಲಿ ನನ್ನ ಕೆಲಸ ಇದೇ ಎಂದು ಅನಿಸಿತು. ಮರ್ಯಾದೆ ಹೋದ ದಿನವೇ ಮನಸ್ಸು ಹಗುರವಾಗಿದ್ದು ವಿಚಿತ್ರ, ಆದರೆ ಆದದ್ದು ಹಾಗೆ.

ಸಾವು ಬಂದ ಮೇಲೆ ಹಲಗೆ ಹುಡುಕುವುದು ಇನ್ನು ಬೇಡ, ಒಂದು ಪೆಟ್ಟಿಗೆ ಮೊದಲೇ ಸಿದ್ಧವಾಗಿ ಚರ್ಚಿನಲ್ಲಿರಲಿ ಎಂದು ತೀರ್ಮಾನ ಮಾಡಿದೆ. ಯಾರಿಗಾದರೂ ಆಗುವಷ್ಟು ದೊಡ್ಡದಾಗಿ, ಆತುರವಿಲ್ಲದೆ ಮಾಡಿದ್ದು. ಒಂದು ಹೋದ ಕೂಡಲೇ ಇನ್ನೊಂದು. ಅಯ್ಯನವರು ಒಪ್ಪಿದರು. ನನ್ನ ಹೆಂಡತಿ ಅರ್ಧ ಒಪ್ಪಿದಳು.

"ಮಾಡಿ, ಬೇಡ ಅನ್ನಲ್ಲ. ಆದ್ರೆ ನಮ್ ಅಂಗಡೀಲಿ ಬೇಡ ಕಣ್ರೀ. ಮದ್ವೆ ಮಂಚ ನೋಡಕ್ಕೆ ಬಂದೋರು ಇದನ್ನ ನೋಡಿದ್ರೆ ವಾಪಸ್ ಬರ್ತಾರಾ?"

ಮಾತು ನ್ಯಾಯವಾಗಿತ್ತು. ಚರ್ಚಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಕೆಲಸ ಇಟ್ಟುಕೊಂಡೆ. ಚಿಂತಾಮಣಿಗೆ ಹೋಗಿ ಚೆನ್ನಾಗಿ ಒಣಗಿದ ಸಿಲ್ವರ್ ಓಕ್ ಹಲಗೆ ಆರಿಸಿ ತಂದೆ. ನಮ್ಮ ಸಭೆಯಲ್ಲಿ ಎಲ್ಲರಿಗಿಂತ ಎತ್ತರ ಒಬ್ಬ ಲಾರಿ ಡ್ರೈವರ್. ಅವನನ್ನು ಗೋಡೆಗೆ ನಿಲ್ಲಿಸಿ ತಲೆಯ ಮೇಲೆ ಗುರುತು ಹಾಕಿದೆ. "ಯಾಕಣ್ಣಾ?" ಎಂದ. "ಬಾಗ್ಲು ಎತ್ತರ ನೋಡ್ತಿದ್ದೀನಿ ಕಣಪ್ಪ" ಎಂದೆ. ಪಾಪ, ಹಲಗೆ ಬಗ್ಗಿಸುವಾಗ ಇನ್ನೊಂದು ತುದಿ ಹಿಡಿದವನೂ ಅವನೇ. ಈ ಸಲ ಮೊಳೆಯ ಗದ್ದಲವಿಲ್ಲ. ಮೂಲೆಗಳಿಗೆ ಹಲ್ಲು ಕೊರೆದು ಒಂದರೊಳಗೊಂದು ಕೂಡಿಸಿ, ಸರೇಸಿನ ಅಂಟು ಹಾಕಿ ಬಿಗಿದೆ. ಒಳಗೆ ನೀರು ಹುಯ್ದರೆ ಹೊರಗೆ ತೊಟ್ಟಿಕ್ಕಬಾರದು. ಹುಯ್ದು ನೋಡಿದೆ, ತೊಟ್ಟಿಕ್ಕಲಿಲ್ಲ. ಆದರೂ ಇರಲಿ ಎಂದು ಸಂದಿಗಳಿಗೆ ಡಾಂಬರು ಬಳಿದೆ. ಅಯ್ಯನವರು ನಿಲುವಂಗಿ ತೊಡುವ ಪಕ್ಕದ ಕೋಣೆಯಲ್ಲಿ, ಇಟ್ಟಿಗೆಗಳ ಮೇಲೆ ಅದನ್ನು ಇರಿಸಿದಾಗ, ಎದುರು ನಿಂತು ಬಹಳ ಹೊತ್ತು ನೋಡಿದೆ. ನನ್ನ ಕೈಯಿಂದ ಅಷ್ಟು ಚೆನ್ನಾದ ಮಂಚವೂ ಅದುವರೆಗೆ ಬಂದಿರಲಿಲ್ಲ.

ಮುಂದಿನ ಭಾನುವಾರವೇ ಹಿರಿಯರ ಕಮಿಟಿ ಸೇರಿತು. ತಕರಾರು ಎತ್ತಿದವರು ಕಾಂಪೌಂಡರು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕಲಸಿ ಕೊಟ್ಟು ನಿವೃತ್ತರಾದವರು, ಸಭೆಯಲ್ಲಿ ಅವರ ಮಾತಿಗೆ ತೂಕವಿತ್ತು.

"ಅಯ್ಯನೋರೇ, ಖಾಲಿ ಪೆಟ್ಟಿಗೆ ದೇವರ ಮನೇಲಿ ಬಾಯ್ ತಕ್ಕೊಂಡು ಬಿದ್ದಿರೋದು ಒಳ್ಳೇದಲ್ಲ. ಅದು ಆಳು ಕೇಳ್ತದೆ. ನಮ್ಮ ಕಡೆ ಹಿಂದಿನಿಂದ ಹಂಗೇ ನಡ್ಕೊಂಡ್ ಬಂದಿದೆ, ಸತ್ ಮೇಲೆ ಪೆಟ್ಟಿಗೆ, ಪೆಟ್ಟಿಗೆ ಆದ್ಮೇಲೆ ಸಾವಲ್ಲ."

"ಇದು ಮೂಢನಂಬಿಕೆ ಅಲ್ವಾ ಕಾಂಪೌಂಡರೇ? ನಮಗೆ ಇಂಥದ್ದೆಲ್ಲ ಯಾಕೆ?" ಎಂದರು ಅಯ್ಯನವರು.

"ನಿಮ್ಗಿನ್ನೂ ಮೂವತ್ತು. ನೀವು ಹೇಳ್ಬೋದು."

ಯಾರೂ ನಗಲಿಲ್ಲ. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಂಪೌಂಡರ ಹೆಂಡತಿಗೆ ಎದೆಯಲ್ಲಿ ನೋವು, ವರ್ಷದಲ್ಲಿ ಎರಡು ಮೂರು ಸಲ ಹಾಸಿಗೆ ಹಿಡಿಯುತ್ತಿದ್ದರು. ಅದನ್ನು ಬಲ್ಲವರಿಗೆ ಆ ಮನುಷ್ಯನ ಮೇಲೆ ಸಿಟ್ಟು ಬರುವ ಹಾಗಿರಲಿಲ್ಲ. ನನಗೆ ಮಾತ್ರ ಬಂತು, ಸುಳ್ಳು ಯಾಕೆ ಹೇಳಲಿ. ಪೆಟ್ಟಿಗೆ ಬಿಚ್ಚಿ ಹಲಗೆ ಮಾಡಿ ಎತ್ತಿಡಬೇಕೆಂದು ಕಮಿಟಿ ಹೇಳಿತು. ಹಾಗಾದರೆ ಮುಂದಿನ ಸಾವಿಗೂ ಮತ್ತೆ ಅದೇ ಓಟ, ಅದೇ ಡಾಂಬರು, ಯಾರದೋ ಮನೆಯಂಗಳದಲ್ಲಿ ಅದೇ ತೇಪೆ. ಬಂದ ಕೆಲಸವೂ ಕೈಬಿಟ್ಟು, ನಾನು ತಿರುಗಿ ಕಂಬದ ಪಕ್ಕದ ಕಂಬವಾಗಬೇಕು.

ಉಳಿ, ಸುತ್ತಿಗೆ ಹಿಡಿದು ಪಕ್ಕದ ಕೋಣೆಗೆ ಹೋದೆ. ಅಲ್ಲಿ ಬೈಬಲ್ ಅಮ್ಮ ನೆಲದ ಮೇಲೆ ಕೂತು ಬೈಯುತ್ತಿದ್ದರು. ಮನೆಮನೆಗೆ ಹೋಗಿ ಹೆಂಗಸರಿಗೆ ವಾಕ್ಯ ಓದಿ ಹೇಳುವ ಮುದುಕಿ ಅವರು, ಚಿಂತಾಮಣಿ ಕಡೆಯವರು. ಬೈಗುಳ ತೆಲುಗಿನಲ್ಲಿತ್ತು, ಬೈಸಿಕೊಳ್ಳುತ್ತಿದ್ದದ್ದು ಇಲಿಗಳು. ಹಿಡಿಯಕ್ಕಿ ಅವರ ಉಸ್ತುವಾರಿ. ನಮ್ಮ ಹೆಂಗಸರು ಅನ್ನಕ್ಕಿಡುವಾಗಲೆಲ್ಲ ಒಂದು ಪ್ರಾರ್ಥನೆ ಹೇಳಿ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಡುತ್ತಾರೆ. ಭಾನುವಾರ ಅದನ್ನು ತಂದು ಚರ್ಚಿನ ಗುಡಾಣಕ್ಕೆ ಸುರಿಯುತ್ತಾರೆ. ಹಳ್ಳಿಯವರು ರಾಗಿ ತರುತ್ತಾರೆ. ಗಂಡ ಇಲ್ಲದವರಿಗೆ, ಕಾಯಿಲೆ ಬಿದ್ದವರಿಗೆ ಅದು ಸಲ್ಲುತ್ತದೆ. ಆ ವಾರ ಇಲಿಗಳು ಗುಡಾಣದ ಮುಚ್ಚಳ ಉರುಳಿಸಿ, ಅಕ್ಕಿಯನ್ನೆಲ್ಲ ಗಲೀಜು ಮಾಡಿದ್ದವು.

"ಏಂ ನಾಯನಾ, ಉಳಿ ಹಿಡ್ಕೊಂಡು ಎತ್ತ ಹೊರ್ಟೆ?" ಎಂದರು. ಹೇಳಿದೆ.

ಅವರು ಎದ್ದು ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದರು. ಮೂಲೆಯನ್ನು ಉಗುರಿನಿಂದ ಕೆರೆದು ನೋಡಿದರು. ಮುಚ್ಚಳ ಎತ್ತಿ ಹಾಕಿ, ಮತ್ತೆ ಎತ್ತಿ ಹಾಕಿದರು.

"ಇದ್ರೊಳಕ್ಕೆ ಇಲಿ ಹೋಗ್ತದಾ?"

"ಇಲಿ ಇರ್ಲಿ, ಇರುವೆ ಹೋಗ್ಲಿ ನೋಡಣ."

"ಖಾಲಿ ಇದ್ರೆ ತಾನೆ ಅವ್ರ ತಕರಾರು? ಖಾಲಿ ಇಡೋದ್ಯಾಕೆ?" ಎಂದು, ನಾನು ಬಾಯಿ ಬಿಡುವಷ್ಟರಲ್ಲಿ ಕಮಿಟಿಯ ನಡುವೆ ಹೋಗಿ ನಿಂತುಬಿಟ್ಟರು.

ಅವರು ಹೇಳಿದ್ದು ಕೇಳಿ ಕಾಂಪೌಂಡರು ಬಹಳ ಹೊತ್ತು ಗಡ್ಡ ಕೆರೆದರು. ತುಂಬಿದ ಪೆಟ್ಟಿಗೆಯ ವಿಷಯದಲ್ಲಿ ಹಿಂದಿನವರು ಏನೂ ಹೇಳಿರಲಿಲ್ಲ. "ಸರಿ, ತುಂಬಿದ್ರೆ ನಂದೇನೂ ಇಲ್ಲ. ಆದ್ರೆ ಆ ಅಕ್ಕಿ ತಿನ್ನೋರು ಯಾರಮ್ಮಾ?"

"ನಾನ್ ತಿಂತೀನಿ" ಎಂದರು ಬೈಬಲ್ ಅಮ್ಮ.

ಅಂತೂ ಪೆಟ್ಟಿಗೆ ಉಳಿಯಿತು. ಅಡ್ಡ ಹಲಗೆ ಹಾಕಿ ಒಳಗೆ ಎರಡು ಭಾಗ ಮಾಡಿದೆ, ಭುಜದ ಕಡೆ ಅಕ್ಕಿ, ಪಾದದ ಕಡೆ ರಾಗಿ. ಬೇಕಾದಾಗ ಎಳೆದರೆ ಹಲಗೆ ಮೇಲಕ್ಕೆ ಬರುವಂತೆ ಜಾಡು ಕೊರೆದೆ. ಮುಚ್ಚಳಕ್ಕೆ ಸ್ಕ್ರೂ ಬದಲು ಮರದ ಗೂಟ. ಹುಳು ಬೀಳದಂತೆ ಬೇವಿನ ಸೊಪ್ಪು ಒಣಗಿಸಿ ಹಾಕಿದೆವು. ಎಲ್ಲ ಸರಿಹೋಯಿತೆಂದು ನಾನು ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ.

ತಿಂಗಳು ತುಂಬುವ ಮುಂಚೆ ಕೋಟೆ ಬೀದಿಯ ಒಬ್ಬ ಮುದುಕಿ ಸೆರಗಿನಲ್ಲಿ ಅನ್ನ ಕಟ್ಟಿಕೊಂಡು ನೇರ ನನ್ನ ಅಂಗಡಿಗೇ ಬಂದಳು. "ಮೇಸ್ತ್ರಿ, ನೀನೇ ತಿಂದ್ ನೋಡಪ್ಪ. ರಸ್ತೆ ತಿಂದಂಗೈತೆ" ಎಂದಳು. ಬಾಯಿಗೆ ಹಾಕಿಕೊಂಡೆ. ರಸ್ತೆಯೇ. ಇರಲಿ ಎಂದು ಬಳಿದಿದ್ದ ಡಾಂಬರು ಬಿಸಿಲಿಗೆ ಉಸಿರು ಬಿಟ್ಟು, ಅಕ್ಕಿಗೆಲ್ಲ ವಾಸನೆ ಹತ್ತಿತ್ತು. ಬೇಡದ ಕಡೆ ಬುದ್ಧಿ ಖರ್ಚು ಮಾಡಿದ್ದರ ಫಲ.

ಅಕ್ಕಿಯನ್ನೆಲ್ಲ ಚಾಪೆಯ ಮೇಲೆ ಗಾಳಿಗೆ ಹರವಿದೆವು. ನಾನು ಪೆಟ್ಟಿಗೆಯೊಳಗೆ ಕೂತು ಸಂದಿಸಂದಿಯ ಡಾಂಬರನ್ನು ಉಳಿಯಿಂದ ಕೆರೆದು, ಮೇಲ್ಮೈಯನ್ನು ಕೀಸಿದೆ. ಒಂದು ಭಾನುವಾರ ಆರಾಧನೆಗೆ ಬೇಗ ಬಂದ ಮಕ್ಕಳು ನಾನು ಪೆಟ್ಟಿಗೆಯೊಳಗಿಂದ ತಲೆಯೆತ್ತಿದ್ದು ನೋಡಿ ಕಿರುಚಿಕೊಂಡು ಓಡಿದವು. ಆಮೇಲೆ ರಾಳವನ್ನು ಪುಡಿ ಮಾಡಿ ಜೇನುಮೇಣದ ಜೊತೆ ಕರಗಿಸಿ, ಬಿಸಿಬಿಸಿಯಾಗಿ ಸಂದಿಗೆ ಎರೆದೆ. ಮೊದಲ ಸಲ ರಾಳ ಹೆಚ್ಚಾಗಿ ಆರಿದ ಮೇಲೆ ಬಿರುಕು ಬಿಟ್ಟಿತು. ಎರಡನೇ ಸಲ ಮೇಣ ಹೆಚ್ಚಾಗಿ ಬಿಸಿಲಿಗೆ ಜಿನುಗಿತು. ಹದ ಸಿಕ್ಕುವ ಹೊತ್ತಿಗೆ ಮಳೆಗಾಲ ಬಂದಿತ್ತು. ಅಷ್ಟಾದರೂ ನಾನು ಬೇಸರಪಟ್ಟುಕೊಳ್ಳಲಿಲ್ಲ. ಗಿರಾಕಿಯ ಕೆಲಸದಲ್ಲಿ ಹೀಗೆ ಮೂರು ಸಲ ಕೆಡಿಸಿದ್ದರೆ ಮನೆಯಲ್ಲಿ ಪಾತ್ರೆ ಹಾರುತ್ತಿದ್ದವು. ಇಲ್ಲಿ ಸಂಜೆ ಬೇವಿನ ಕೆಳಗೆ ಕೂತು ಮೇಣ ಕಲಕುತ್ತಾ, ಒಳಗೆ ಟೀಚರಮ್ಮ ಕೀರ್ತನೆ ಅಭ್ಯಾಸ ಮಾಡಿಸುವುದನ್ನು ಕೇಳುತ್ತಾ, ಯಾರಿಗೂ ಕೇಳದಂತೆ ನಾನೂ ಹಾಡಿಕೊಳ್ಳುತ್ತಿದ್ದೆ.

ವಾಸನೆ ಹೋಯಿತು, ಹೆಸರು ಹೋಗಲಿಲ್ಲ. "ಹೆಣದ ಪೆಟ್ಟಿಗೆ ಅಕ್ಕಿ" ಎಂದು ಯಾರೂ ಕೈಯೊಡ್ಡದಾದರು. ನನ್ನ ಹೆಂಡತಿಯೇ ಮೂಗು ಮುರಿದಳು. ಬೈಬಲ್ ಅಮ್ಮ ಜಗಳಕ್ಕೆ ಹೋಗಲಿಲ್ಲ. ಒಂದು ಭಾನುವಾರ ಅದೇ ಅಕ್ಕಿ ತೆಗೆದು ಅಂಗಳದಲ್ಲಿ ಮೂರು ಕಲ್ಲು ಹೂಡಿ, ಬೆಲ್ಲ, ಏಲಕ್ಕಿ ಹಾಕಿ ಸಿಹಿಯನ್ನ ಮಾಡಿದರು. ಆರಾಧನೆ ನಡೆಯುತ್ತಿರುವಾಗಲೇ ಘಮ ಒಳಗೆ ಬಂತು. ಅಯ್ಯನವರ ಪ್ರಸಂಗ ಅಂದು ಎಂದಿಗಿಂತ ಬೇಗ ಮುಗಿಯಿತು. ಹೊರಗೆ ಬಂದರೆ ಮುದುಕಿ ಎಲೆ ಹಾಸಿಕೊಂಡು, ಯಾರನ್ನೂ ಕರೆಯದೆ, ಒಬ್ಬರೇ ಊಟಕ್ಕೆ ಕೂತಿದ್ದರು. ಮೊದಲು ಅವರ ಪಕ್ಕ ಬಂದು ಕೂತವರು ಕಾಂಪೌಂಡರ ಹೆಂಡತಿ. "ನಂಗೂ ಒಂದ್ ತುತ್ತು ಹಾಕಮ್ಮ" ಎಂದರು. ಆಮೇಲೆ ಮಕ್ಕಳು, ಆಮೇಲೆ ಎಲ್ಲರೂ. ನನ್ನ ಹೆಂಡತಿ ಎರಡನೇ ಸಲ ಹಾಕಿಸಿಕೊಂಡಳು. ಕಾಂಪೌಂಡರು ಮಾತ್ರ ಕೊಡೆ ಹಿಡಿದು ಗೇಟಿನ ಹತ್ತಿರ ನಿಂತು ಹೆಂಡತಿಗಾಗಿ ಕಾಯುತ್ತಿದ್ದರು. ಪೆಟ್ಟಿಗೆ ಇದ್ದ ಕೋಣೆಗೆ ಅವರು ಕಾಲಿಟ್ಟದ್ದು ನಾನು ನೋಡಿರಲಿಲ್ಲ. ಆಕೆ ತನ್ನ ಹಿಡಿಯಕ್ಕಿಯನ್ನು ತಾನೇ ತಂದು ಸುರಿದು, ಗೂಟ ಹಾಕಿ, "ಚೆನ್ನಾಗಿ ಮಾಡಿದ್ದೀಯಪ್ಪ ಮೇಸ್ತ್ರಿ" ಎಂದು ಪ್ರತಿ ಸಲವೂ ಹೇಳಿ ಹೋಗುತ್ತಿದ್ದರು.

ಆ ಮಳೆಗಾಲ, ಕ್ರಿಸ್ಮಸ್ಸು, ಎಲ್ಲ ಕಳೆದವು. ಪೆಟ್ಟಿಗೆ ಯಾರನ್ನೂ ಕೇಳಲಿಲ್ಲ. ವಾರವಾರ ತುಂಬಿತು, ವಾರವಾರ ತಗ್ಗಿತು, ಪೂರ್ತಿ ಖಾಲಿ ಎಂದೂ ಆಗಲಿಲ್ಲ. ಮತ್ತೆ ಬೇಸಿಗೆ ಬಂದು, ಹಿಪ್ಪುನೇರಳೆ ಎಲೆಗೆ ಧೂಳು ಕೂರುವ ಕಾಲದಲ್ಲಿ, ಒಂದು ಬೆಳಿಗ್ಗೆ ಸಾವಿನ ಗಂಟೆ ನಿಧಾನವಾಗಿ ಹೊಡೆಯಿತು. ಕಾಂಪೌಂಡರ ಹೆಂಡತಿ ಮಲಗಿದ್ದಲ್ಲೇ ಹೋಗಿಬಿಟ್ಟಿದ್ದರು.

ನಾನು ಚರ್ಚಿಗೆ ಹೋದೆ. ಓಡಲಿಲ್ಲ, ಓಡುವ ಕಾರಣವೇ ಇರಲಿಲ್ಲ. ಬೈಬಲ್ ಅಮ್ಮ ಆಗಲೇ ಚಾಪೆ ಹಾಸಿದ್ದರು. ಅಕ್ಕಿ, ರಾಗಿಯನ್ನೆಲ್ಲ ತೆಗೆದು ಹೆಂಗಸರು ಟೀಚರಮ್ಮನ ಮನೆಗೆ ಹೊತ್ತರು. ಸಾವಿನ ಮನೆಯಲ್ಲಿ ಮಣ್ಣಾಗುವ ತನಕ ಒಲೆ ಹಚ್ಚುವುದಿಲ್ಲ, ಬಂದ ನೆಂಟರಿಗೆಲ್ಲ ಅಲ್ಲೇ ಅಡುಗೆ. ಅಡ್ಡ ಹಲಗೆ ಎಳೆದು ತೆಗೆದೆ. ಒದ್ದೆ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿದೆ. ಮೂಲೆಗಳಲ್ಲಿ ಮೇಣಕ್ಕೆ ಅಂಟಿಕೊಂಡು ಒಂದಿಷ್ಟು ಕಾಳು ಉಳಿದಿದ್ದವು. ಉಳಿಯ ತುದಿಯಿಂದ ಎಬ್ಬಿಸುತ್ತಾ ಬಗ್ಗಿದ್ದಾಗ ಬಾಗಿಲು ಕತ್ತಲಾಯಿತು. ಕಾಂಪೌಂಡರು ನಿಂತಿದ್ದರು.

ಏನು ಹೇಳುತ್ತಾರೋ ಎಂದು ನನ್ನ ಕೈ ನಿಂತುಹೋಯಿತು. ಆಳು ಕೇಳುತ್ತದೆ ಎಂದಿದ್ದ ಮನುಷ್ಯ.

ಅವರು ಒಳಗೆ ಬಂದು, ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟು, ಒಳಗೆ ನೋಡಿದರು.

"ಅದೇನಯ್ಯಾ ಕೆರೀತಿದ್ದೀಯ?"

"ಕಾಳು ಉಳ್ಕೊಂಡಿದೆ ಕಾಂಪೌಂಡರೇ. ಈಗ ತೆಗ್ದುಬಿಡ್ತೀನಿ."

"ಇರ್ಲಿ ಬಿಡು" ಎಂದರು. ಮೂಲೆಯ ಕಾಳನ್ನು ಬೆರಳಿನಿಂದ ಮುಟ್ಟಿ, "ಅವಳ ಕೈದೂ ಇರುತ್ತೆ ಅದ್ರಲ್ಲಿ" ಎಂದರು. ನಾನು ಉಳಿ ಕೆಳಗಿಟ್ಟೆ. ನನಗೆ ಅಳು ಬಂತು, ಅವರಿಗೆ ಬರಲಿಲ್ಲ.

ಲಾರಿ ಡ್ರೈವರನ ಅಳತೆಯ ಪೆಟ್ಟಿಗೆ ಆ ಸಣ್ಣ ಜೀವಕ್ಕೆ ಬಹಳ ದೊಡ್ಡದಾಯಿತು. ಹುಲ್ಲು ತುಂಬೋಣವೆಂದು ನಾನು ಹುಲ್ಲು ತರಿಸಿದ್ದೆ. ಹೆಂಗಸರು ಬೇಡವೆಂದರು. ಆಕೆಯ ಸೀರೆಗಳನ್ನೇ ಮಡಿಸಿ ಮಡಿಸಿ ಎರಡು ಪಕ್ಕಕ್ಕೂ ಒತ್ತಿ ಇಟ್ಟರು. ಕೋಲಾರದಲ್ಲಿದ್ದ ಮಗ ಬಂದು ಮುಖ ನೋಡುವವರೆಗೆ ಸಮಾಧಾನವಾಗಿ ಕಾದೆವು. ಗುಂಡಿಯ ಅಳತೆ ಮೊದಲೇ ಹೇಳಿ ಕಳಿಸಿದ್ದೆ, ಸರಿಯಾಗಿತ್ತು. ಮೆರವಣಿಗೆಯ ಹಿಂದೆ ನಾನು ಬರಿಗೈಯಲ್ಲಿ ನಡೆದುಹೋದೆ. ಮಣ್ಣು ಮಾಡುವ ದಿನ ಬಡಗಿಗೆ ಮಾಡಲು ಏನೂ ಕೆಲಸವಿಲ್ಲದಿರುವುದೇ ದೊಡ್ಡ ಸುಖ. ಆ ದುಃಖದ ನಡುವೆ ನನಗೆ ಸಂತೋಷವಾಗಿತ್ತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಸಾಯಂಕಾಲ ಟೀಚರಮ್ಮನ ಮನೆಯ ಜಗಲಿಯಲ್ಲಿ ಎಲ್ಲರೂ ಕೂತು ಆ ಅಕ್ಕಿಯ ಅನ್ನ, ಸಾರು ಉಂಡೆವು. ಕಾಂಪೌಂಡರೂ ಉಂಡರು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಪಕ್ಕದ ಕೋಣೆಗೆ ಹೋದೆ. ಇಟ್ಟಿಗೆಗಳು ಮಾತ್ರ ಸಾಲಾಗಿ ಉಳಿದಿದ್ದವು. ಹೆಂಗಸರು ಅಕ್ಕಿಯನ್ನು ಮೇಜಿನ ಮೇಲೆ ಒಂದು ಪಂಚೆ ಹಾಸಿ ಸುರಿಯುತ್ತಿದ್ದರು. ಅವರೆಲ್ಲರ ಹಿಂದೆ ಕಾಂಪೌಂಡರು ಒಂದು ಬಟ್ಟೆ ಚೀಲ ಹಿಡಿದು ನಿಂತಿದ್ದರು. ಒಂಟಿ ಗಂಡಸು, ವಾರವೆಲ್ಲ ತಾನೇ ಅನ್ನಕ್ಕಿಟ್ಟುಕೊಂಡು, ಪ್ರತಿ ಹೊತ್ತೂ ಒಂದು ಹಿಡಿ ತೆಗೆದಿಟ್ಟಿದ್ದರು. ದೊಡ್ಡ ಕೈ, ಚೀಲ ಭಾರವಾಗಿಯೇ ಇತ್ತು.

"ಇದನ್ನೆಲ್ಲಿ ಹಾಕ್ಲಯ್ಯಾ?" ಎಂದರು, ಬರಿಯ ಇಟ್ಟಿಗೆಗಳನ್ನು ನೋಡುತ್ತಾ. "ಇನ್ನೊಂದು ಎಲ್ಲಿ?"

"ಹಲಗೆ ಬಂದಿದೆ. ಬಗ್ಗಿಸ್ಬೇಕು. ಆ ಡ್ರೈವರ್ ಹುಡ್ಗ ಲೋಡು ಹೊತ್ಕೊಂಡು ಹೋಗವ್ನೆ, ಬರೋ ಹೊತ್ಗೆ ಹದಿನೈದು ದಿನ ಆಗ್ಬೋದು. ಇನ್ನೊಂದ್ ತುದಿಗೆ ಜನ ಬೇಕು."

ಅವರು ಚೀಲವನ್ನು ಪಂಚೆಯ ಮೇಲೆ ಸುರಿದು ಹೋದರು. ಸೋಮವಾರ ಬೆಳಿಗ್ಗೆ ನಾನು ಬೇವಿನ ಕೆಳಗೆ ಗೀರು ಹಾಕುತ್ತಾ ಕೂತಿದ್ದಾಗ ಗೇಟು ಸದ್ದಾಯಿತು. ಕಾಂಪೌಂಡರು ಬಂದು, ಕೋಟು ಬಿಚ್ಚಿ, ಮಡಿಸಿ, ಕಟ್ಟೆಯ ಮೇಲಿಟ್ಟರು. ತೋಳು ಮಡಚಿಕೊಂಡರು. ಸಾಬರ ಮನೆಯಿಂದ ಬಿಸಿನೀರಿನ ಹಂಡೆ ಬಂತು. ನಾನು ಗೀರಿನ ಮೇಲೆ ನೀರು ಸುರಿದೆ, ಆವಿ ಇಬ್ಬರ ಮುಖಕ್ಕೂ ಹೊಡೆಯಿತು. ಅವರು ಆ ತುದಿಯನ್ನು ಎರಡೂ ಕೈಯಿಂದ ಹಿಡಿದು, ಕಾಲೂರಿ ನಿಂತರು.

"ಹೇಳು ಮೇಸ್ತ್ರಿ" ಎಂದರು. "ಯಾವಾಗ ಎಳೀಬೇಕು?"